ಹತ್ತರ ಪೆಟ್ಟಿಗೆ, ನೂರರ ಪೆಟ್ಟಿಗೆ

ಐದು ತಾಲ್ಲೂಕುಗಳ ಸಂಯುಕ್ತ ಅಹವಾಲು ಕಚೇರಿಯ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ನಾವು ಕಳಿಸಿದ ಆಕ್ಷೇಪಣೆ ತಮಗೆ ತಲುಪಲಿಲ್ಲ. ತಲುಪದೇ ಇದ್ದದ್ದನ್ನೇ ತಾವು ನಮ್ಮ ಒಪ್ಪಿಗೆ ಎಂದು ಬರೆದುಕೊಂಡಿರಿ. ಆ ಒಪ್ಪಿಗೆಯ ಬಲದ ಮೇಲೆ, ಗುಡೇಕೋಟೆಯ ಅಂಜಿನಕ್ಕನ ಕುರಿಗಳು ನೀರಿಗೆ ಹೋಗುವ ದಾರಿಗೆ ತಂತಿಬೇಲಿ ಬಿದ್ದಿದೆ. ನಮ್ಮ ಪತ್ರ ತಮಗೆ ತಲುಪದಿರಲು ಕಾರಣ ಗುಡುಗು ಸಿಡಿಲಲ್ಲ, ಕರೆಂಟು ಹೋದದ್ದಲ್ಲ, ನಮ್ಮ ಅಜ್ಞಾನವೂ ಅಲ್ಲ. ತಮ್ಮ ಕಚೇರಿಯ ಹೊಸ ಮೇಲ್ ಸರ್ವರ್‌ಗೆ ತಾವೇ ನಿಂತು ಕೊಡಿಸಿದ ನಂಬರ್. ಚಿಕ್ಕದು ಕೊಡಿಸಬೇಕಿತ್ತು, ತಾವು ದೊಡ್ಡದು ಕೊಡಿಸಿದಿರಿ. ಅರ್ಜಿಯ ಮೊದಲ ಪ್ಯಾರಾ ದಾಟಿ ಓದುವ ಪದ್ಧತಿ ಕಚೇರಿಗಳಲ್ಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿರುವುದರಿಂದ ದೂರನ್ನೆಲ್ಲ ಇಲ್ಲೇ ಹೇಳಿ ಮುಗಿಸಿದ್ದೇನೆ. ಚಹಾ ಬರುವುದು ತಡವಾದರೆ ಮುಂದಿನದನ್ನೂ ಓದಬಹುದು.

ನಾನು ಕೂಡ್ಲಿಗಿಯ ತಾಲ್ಲೂಕು ಕಚೇರಿಯ ಎದುರಿಗೆ ಮೇಜು ಹಾಕಿಕೊಂಡು ಅರ್ಜಿ ಬರೆಯುವವಳು. ನನ್ನ ತಂದೆಯೂ ಅದೇ ಜಾಗದಲ್ಲಿ ಅದನ್ನೇ ಮಾಡುತ್ತಿದ್ದರು. ಅವರ ಕಾಲಕ್ಕೆ ಮಸಿ ಪೆನ್ನು, ನನ್ನ ಕಾಲಕ್ಕೆ ಮೊದಲು ಟೈಪ್‌ರೈಟರು, ಈಗ ಒಂದು ಲ್ಯಾಪ್‌ಟಾಪು. ಸಾಧನ ಬದಲಾಗಿದೆ, "ಈ ಮೂಲಕ ತಮ್ಮಲ್ಲಿ ಸವಿನಯ ಪ್ರಾರ್ಥನೆ ಏನೆಂದರೆ" ಎಂಬುದು ಮಾತ್ರ ಬದಲಾಗಿಲ್ಲ. ಪ್ರಾರ್ಥಿಸಿ ಪ್ರಾರ್ಥಿಸಿ ನನ್ನ ಬೆರಳುಗಳಿಗೆ ವಿನಯ ಅಭ್ಯಾಸವಾಗಿಬಿಟ್ಟಿದೆ. ಇವತ್ತು ಅದನ್ನು ಸ್ವಲ್ಪ ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ, ಕ್ಷಮೆ ಕೇಳುವುದಿಲ್ಲ.

ದೀಪಾವಳಿ ಕಳೆದ ಮೇಲಿನ ಮಾತು. ಗುಡೇಕೋಟೆಯ ಪಂಚಾಯ್ತಿ ಗೋಡೆಗೆ ಒಂದು ಪ್ರಕಟಣೆ ಅಂಟಿಸಿದ್ದರು. ಊರಾಚೆಯ ಕುರುಚಲು ಗುಡ್ಡದ ಬುಡದಲ್ಲಿ ಸಾರ್ವಜನಿಕರ ಮನರಂಜನೆಗಾಗಿ ವೃಕ್ಷೋದ್ಯಾನ ಆಗಲಿದೆ. ಆಕ್ಷೇಪಣೆ ಇದ್ದವರು ಅಹವಾಲು ಕಚೇರಿಗೆ ಇ-ಮೇಲ್ ಮೂಲಕ ಮಾತ್ರ ಸಲ್ಲಿಸತಕ್ಕದ್ದು. "ಮಾತ್ರ" ಎಂಬುದಕ್ಕೆ ಅಡಿಗೆರೆ ಬೇರೆ. ಗುಡೇಕೋಟೆಯಲ್ಲಿ ಕುರಿ ಕಾಯುವವರು ಬೆಳಿಗ್ಗೆ ಎದ್ದ ಕೂಡಲೇ ಮೊದಲು ಮಾಡುವ ಕೆಲಸ ಮೇಲ್ ನೋಡುವುದೇ ಎಂದು ತಮಗೆ ಯಾರೋ ತಿಳಿಸಿದ್ದಿರಬೇಕು. ಅಂಜಿನಕ್ಕನಿಗೆ ಮೇಲ್ ಇಲ್ಲ. ಅವಳಿಗೆ ಇದ್ದದ್ದು ಒಂದು ಹಿಂಡು ಕುರಿ, ನಾಲ್ಕಾರು ಮೇಕೆ, ಮುಂದೆ ನಡೆಯಲು ಕೊರಳಿಗೆ ಹಿತ್ತಾಳೆ ಗಂಟೆ ಕಟ್ಟಿದ ಒಂದು ಹೋತ. ಆ ಹೋತಕ್ಕೆ ಅವಳಿಟ್ಟ ಹೆಸರು ಸಾವ್ಕಾರ. ಗಡ್ಡ ಮುಂದೆ ಮಾಡಿಕೊಂಡು ಯಾರಿಗೂ ದಾರಿ ಬಿಡದೆ ನಡೆಯುತ್ತಿತ್ತಂತೆ, ಅದಕ್ಕೆ. ಸಾವ್ಕಾರ ಹೋದ ಕಡೆ ಹಿಂಡು ಹೋಗುತ್ತಿತ್ತು. ಗುಡ್ಡದ ಬುಡದ ದಾರಿಯಲ್ಲಿ ಹೋದರೆ ಆಚೆಗೆ ಕಲ್ಲಿನ ನಡುವೆ ಒಂದು ಹೊಂಡ. ಸುತ್ತಲ ನೀರೆಲ್ಲ ಬತ್ತಿದ ಮೇಲೂ ಅದರಲ್ಲಿ ಕುರಿಗಳಿಗೆ ಸಾಕಾಗುವಷ್ಟು ಉಳಿದಿರುತ್ತದೆ.

"ಸುಮಂಗಲಮ್ಮ, ಗುಡ್ಡದ ದಾರಿಗಿ ಬೇಲಿ ಹಾಕ್ತಾರಂತ್ರಿ," ಎಂದು ಅಂಜಿನಕ್ಕ ನನ್ನ ಮೇಜಿನ ಮುಂದೆ ಬಂದು ಕೂತಳು. "ಪಾರ್ಕ್ ಬ್ಯಾಡ ಅನ್ನಂಗಿಲ್ಲ ನಾವು. ಮಾಡ್ಲಿ. ಹೊಂಡಕ್ಕ ಹೋಗಾಕ ಒಂದು ದಾರಿ ಬಿಡ್ಲಿ, ಅಷ್ಟ. ಗಟ್ಟಿಯಾಗಿ ಬರೀರಿ."

ಗಟ್ಟಿಯಾಗಿಯೇ ಬರೆದೆ. ಸದರಿ ದಾರಿಯು ಹಿರಿಯರ ಕಾಲದಿಂದಲೂ ರೂಢಿಯಲ್ಲಿದ್ದು ಎಂದು ಶುರು ಮಾಡಿ, ಬೇಲಿ ಹಾಕುವುದೇ ಆದಲ್ಲಿ ಪಶ್ಚಿಮದ ಬದಿಗೆ ಒಂದು ಗೇಟು ಬಿಡಬೇಕಾಗಿ ಕೋರಿ, ಊರಿನವರ ಸಹಿ, ಹೆಬ್ಬೆಟ್ಟು ಎಲ್ಲ ಸ್ಕ್ಯಾನ್ ಮಾಡಿ, ತಾವು ಕೊಟ್ಟ ವಿಳಾಸಕ್ಕೆ, ತಾವು ಕೊಟ್ಟ ಗಡುವಿಗೆ ಸಾಕಷ್ಟು ಮೊದಲೇ ಕಳಿಸಿದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಉತ್ತರ ಬಂತು: "ತಮ್ಮ ಅಹವಾಲು ಸ್ವೀಕೃತವಾಗಿದೆ. ಸೂಕ್ತ ಕ್ರಮ ಕೈಗೊಳ್ಳಲಾಗುವುದು. ತಮಗೂ ತಮ್ಮ ಕುಟುಂಬದವರಿಗೂ ಯುಗಾದಿ ಹಬ್ಬದ ಹಾರ್ದಿಕ ಶುಭಾಶಯಗಳು."

"ತಲುಪೈತಂತೇನ್ರಿ?" ಅಂಜಿನಕ್ಕ ಕೇಳಿದಳು.

"ತಲುಪೈತಿ. ಹಬ್ಬದ ಶುಭಾಶಯನೂ ಹೇಳ್ಯಾರ."

"ಯಾವ ಹಬ್ಬದ್ದು?"

"ಯುಗಾದಿದು."

ಅವಳು ಬೀದಿಯ ಕಡೆ ನೋಡಿದಳು. ಚರಂಡಿಯಲ್ಲಿ ಇನ್ನೂ ಪಟಾಕಿ ಕಾಗದ ಬಿದ್ದಿತ್ತು. "ಪಾಪ, ಕೆಲಸ ಬಾಳ ಇರಬೇಕು ಅವರಿಗಿ," ಎಂದಳು. ನಾನೂ ಹಾಗೆಂದೇ ತಿಳಿದೆ. ಸರ್ಕಾರದ ಶುಭಾಶಯ ತಡವಾಗಿ ಬಂದಿದೆಯೋ ಮುಂಚಿತವಾಗಿ ಬಂದಿದೆಯೋ ಎಂದು ಯಾರಾದರೂ ವಿಚಾರಿಸುತ್ತಾರೆಯೇ? ಬಂದದ್ದೇ ದೊಡ್ಡದು. ಅದರದೊಂದು ಪ್ರಿಂಟು ತೆಗೆಸಿಕೊಂಡು, ಮಡಚಿ, ಎಲೆ ಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡು ಅವಳು ಬಸ್ಸು ಹತ್ತಿದಳು.

ಮುಂದೆ ತಮ್ಮ ಆದೇಶ ಬಂತು. ಇಷ್ಟು ವರ್ಷ ಸರ್ಕಾರಿ ಕನ್ನಡದಲ್ಲೇ ಅನ್ನ ತಿಂದ ನಾನು ಆ ವಾಕ್ಯಕ್ಕೆ ತಲೆದೂಗಿದ್ದೇನೆ: "ನಿಗದಿತ ಅವಧಿಯೊಳಗೆ ಸಾರ್ವಜನಿಕರಿಂದ ಯಾವುದೇ ಆಕ್ಷೇಪಣೆ ಸ್ವೀಕೃತವಾಗಿರುವುದಿಲ್ಲವಾದ ಕಾರಣ, ಸದರಿ ಯೋಜನೆಗೆ ಸಾರ್ವಜನಿಕರ ಸಂಪೂರ್ಣ ಸಹಮತವಿದೆ ಎಂದು ಪರಿಗಣಿಸಲಾಗಿದೆ." ಎಂಥ ಸೊಗಸು ನೋಡಿ! ಬಾಗಿಲು ಹಾಕಿಕೊಂಡು ಒಳಗೆ ಕೂತವರು, ಹೊರಗೆ ಯಾರೂ ಕೂಗಲಿಲ್ಲ ಎಂದು ಬರೆದುಕೊಟ್ಟ ಹಾಗಿದೆ. ವಾರ ಕಳೆಯುವುದರೊಳಗೆ ಬೇಲಿ ಎದ್ದಿತು. ಉದ್ಯಾನದಲ್ಲಿ ವೃಕ್ಷಗಳು ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇವೆ. ಆದರೆ ಒಂದು ಸಿಮೆಂಟಿನ ಕರಡಿ ಬಂದಿದೆ, ಎರಡು ಸಿಮೆಂಟಿನ ಕುರಿಗಳೂ ಬಂದಿವೆ. ಅವುಗಳ ಮುಂದೆ ಒಂದು ಪುಟ್ಟ ಸಿಮೆಂಟಿನ ತೊಟ್ಟಿ. ನೀರು ಕುಡಿಯುವ ಭಂಗಿಯಲ್ಲಿ ತಲೆ ಬಗ್ಗಿಸಿ ನಿಂತಿವೆ. ಜೀವ ಇರುವ ಕುರಿಗಳು ಬೇಲಿಯ ಈಚೆಗೆ ನಿಂತು ಅವನ್ನು ನೋಡುತ್ತವೆ.

ಆದೇಶ ಹಿಡಿದು ನಾನೂ ಅಂಜಿನಕ್ಕನೂ ತಮ್ಮ ಕಚೇರಿಗೆ ಬಂದದ್ದು ತಮಗೆ ನೆನಪಿರಬಹುದು. ಹಗರಿಬೊಮ್ಮನಹಳ್ಳಿಯ ಬಿಸಿಲಿನಲ್ಲಿ ಬಸ್ಸಿಳಿದು ನಡೆದು ಬಂದಿದ್ದೆವು. ತಮ್ಮ ಕೋಣೆಯಲ್ಲಿ ಒಳ್ಳೆಯ ತಂಪಿತ್ತು. ತಮ್ಮ ತಲೆಯ ಹಿಂದೆ ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಪ್ರಶಂಸಾ ಪತ್ರ ತೂಗುತ್ತಿತ್ತು: ಬಾಕಿ ಅಹವಾಲು ಶೂನ್ಯವಾಗಿರುವ ಏಕೈಕ ಕಚೇರಿ.

"ಮೇಲ್ ಬಂದಿದ್ರೆ ಇಲ್ಲೇ ಇರ್ತಿತ್ತು ನೋಡಮ್ಮ. ಇಲ್ಲ ಅಂದ್ರೆ ಬಂದಿಲ್ಲ ಅಂತ," ಎಂದಿರಿ ತಾವು.

ಅಂಜಿನಕ್ಕ ಸಂಚಿ ಬಿಚ್ಚಿ ಆ ಕಾಗದವನ್ನು ತಮ್ಮ ಮುಂದಿಟ್ಟಳು. ಸುಣ್ಣದ ಕಲೆಯಾಗಿತ್ತು. ತಾವು ಅದನ್ನು ಪೆನ್ನಿನ ತುದಿಯಿಂದ ಈ ಕಡೆ ತಳ್ಳಿದಿರಿ.

"ಇದು ನಮ್ಮದಲ್ಲ. ಈಗ ಯಾರಾದರೂ ಯುಗಾದಿ ಶುಭಾಶಯ ಹೇಳ್ತಾರೇನು? ಎಲ್ಲೋ ಏನೋ ತಪ್ಪು ವಿಳಾಸಕ್ಕೆ ಕಳಿಸಿದೀರಿ."

"ಸಾಹೇಬ್ರ, ನೀವೇ ಗ್ವಾಡಿಗಿ ಹಚ್ಚಿದ ವಿಳಾಸ್ರಿ ಅದು," ಎಂದಳು ಅಂಜಿನಕ್ಕ. ತಾವು ಗಂಟೆ ಒತ್ತಿದಿರಿ. ನಾವು ಹೊರಗೆ ಬಂದೆವು.

ಕೂಡ್ಲಿಗಿ ಬಸ್ ನಿಲ್ದಾಣದ ಹತ್ತಿರ ಕ್ರಾಂತಿಕುಮಾರ್ ಎಂಬಾತ ಕಂಪ್ಯೂಟರ್, ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನ ಬಳಿಗೆ ಹೋಗಿ ಇದೇನು ಮಾಯೆ ಎಂದು ಕೇಳಿದೆ. ಅವನು ಮೊದಲು ನನ್ನನ್ನೇ ಬೈದ. "ಅಕ್ಕಾರ, ಅಷ್ಟು ದೊಡ್ಡ ಫೈಲ್ ಹಚ್ಚಿ ಕಳಿಸಿದ್ರ ಸ್ಪ್ಯಾಮ್‌ನಾಗ ಬಿದ್ದಿರತೈತಿ ಬಿಡ್ರಿ," ಎಂದ. ನಾನು ಬಿಡಲಿಲ್ಲ. ಕೊನೆಗೆ ಯಾರದೋ ಒಡೆದ ಮೊಬೈಲಿಗೆ ಗಾಜು ಅಂಟಿಸುತ್ತಲೇ, ಇನ್ನೊಂದು ಕೈಯಲ್ಲಿ ತನ್ನ ಕಂಪ್ಯೂಟರ್ ಒತ್ತಿ ನೋಡಿದ. ತಮ್ಮ ಕಚೇರಿಯ ವಿಳಾಸಕ್ಕೆ ಬರುವ ಮೇಲ್‌ಗಳನ್ನು ಯಾವ ಯಾವ ಯಂತ್ರ ಸ್ವೀಕರಿಸಬೇಕು ಎಂಬುದನ್ನು ಜಗತ್ತಿನ ಯಾರು ಬೇಕಾದರೂ ನೋಡಬಹುದಂತೆ. ಗುಟ್ಟೇನಲ್ಲವಂತೆ. ನೋಡಿದವನು ಗಾಜು ಬಿಟ್ಟು ನಗಲು ಶುರು ಮಾಡಿದ.

ಅವನು ಹೇಳಿದ್ದನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ, ತಾವೂ ಕೇಳಿಸಿಕೊಳ್ಳಿ. ಒಂದು ವಿಳಾಸಕ್ಕೆ ಬರುವ ಮೇಲ್ ಹಿಡಿಯಲು ಒಂದಕ್ಕಿಂತ ಹೆಚ್ಚು ಸರ್ವರ್ ಇಡಬಹುದು. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಯಾವುದರ ಬಾಗಿಲು ಮೊದಲು ತಟ್ಟಬೇಕು ಎಂದು ತಿಳಿಯಲು ಪ್ರತಿಯೊಂದಕ್ಕೂ ಒಂದು ಆದ್ಯತೆಯ ನಂಬರ್ ಕೊಟ್ಟಿರುತ್ತಾರೆ. ಕಳಿಸುವ ಕಡೆಯವರು ಅತಿ ಚಿಕ್ಕ ನಂಬರಿನ ಬಾಗಿಲಿಗೆ ಮೊದಲು ಹೋಗುತ್ತಾರೆ. ಅದು ತೆರೆದರೆ ಪತ್ರವನ್ನು ಅಲ್ಲೇ ಕೊಟ್ಟು ಹಿಂದಿರುಗುತ್ತಾರೆ. ತೆರೆಯದಿದ್ದರೆ ಮಾತ್ರ ಮುಂದಿನ ನಂಬರ್. ತಮ್ಮ ಕಚೇರಿಗೆ ಮೂರು ಸರ್ವರ್ ಇವೆ. ಒಂದಕ್ಕೆ ಹತ್ತು, ಒಂದಕ್ಕೆ ಐವತ್ತು, ಒಂದಕ್ಕೆ ನೂರು. ತಾವು ದಿನವೂ ತೆರೆದು ನೋಡುವುದು ನೂರರ ಪೆಟ್ಟಿಗೆ, ಅದಕ್ಕೆ ತಮ್ಮ ಹುದ್ದೆಯ ಹೆಸರೇ ಇದೆಯಂತೆ. ಮೊದಲು ತಟ್ಟುವುದು ಹತ್ತರ ಬಾಗಿಲು. ಆ ಹತ್ತು ಯಾವತ್ತೂ ತೆರೆದೇ ಇರುತ್ತದೆ, ಬಂದದ್ದನ್ನೆಲ್ಲ ಇಸಿದುಕೊಳ್ಳುತ್ತದೆ, ಯಾವುದೋ ಯುಗಾದಿಗೆ ತುಂಬಿಟ್ಟ ಶುಭಾಶಯವನ್ನೇ ಹೇಳಿ ಕಳಿಸುತ್ತದೆ. ಹಾಗಾಗಿ ನೂರರವರೆಗೆ ಹೋಗುವ ಪ್ರಸಂಗವೇ ಯಾರಿಗೂ ಬರುವುದಿಲ್ಲ.

"ಮತ್ತ ಸಾಹೇಬ್ರಿಗೆ ಯಾವ ಮೇಲೂ ಬರಾಂಗಿಲ್ಲೇನು?" ಎಂದು ಕೇಳಿದೆ.

"ಕಚೇರಿ ಒಳಗಿನವ್ರು ಒಬ್ಬರಿಗೊಬ್ಬರು ಕಳಿಸಿದ್ದು ಬರತಾವ್ರಿ. ಬರ್ತ್‌ಡೇ ವಿಶ್ ಪಿಶ್ ಮಾಡ್ಕೊಂಡಿದ್ದು. ಹೊರಗಿಂದು ಯಾವೂ ಬರಾಂಗಿಲ್ಲ," ಎಂದ ಕ್ರಾಂತಿಕುಮಾರ್.

ಶೂನ್ಯ ಅಹವಾಲಿನ ಪ್ರಶಂಸಾ ಪತ್ರದ ಅರ್ಥ ನನಗೆ ಆಗ ಆಯಿತು. ಐದು ತಾಲ್ಲೂಕಿನ ಜನ ಬಾಯಿ ಮುಚ್ಚಿಕೊಂಡು ಸುಖವಾಗಿದ್ದಾರೆ ಎಂದು ಮೇಲಿನವರು ನಂಬಿದ್ದಾರೆ. ಕಾಲುನೋವಿನವರು ಆಸ್ಪತ್ರೆಗೆ ಬಾರದಂತೆ ಮೆಟ್ಟಿಲು ಎತ್ತರಿಸಿ, ಊರಿನಲ್ಲಿ ಕಾಲುನೋವೇ ಇಲ್ಲ ಎಂದು ಬಹುಮಾನ ತೆಗೆದುಕೊಂಡ ಹಾಗೆ. ನಾಚಿಕೆಯಾಗಬೇಕಾದ ಕಾಗದಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದೀರಲ್ಲ, ಆ ಮೊಳೆಗಾದರೂ ಬೇಸರವಾಗಿಲ್ಲವೇ?

ಇಷ್ಟಾದರೂ ನನಗೆ ಒಂದು ಸಂಶಯ ಉಳಿದಿತ್ತು. ಇಂಥ ನಂಬರ್ ಯಾರಾದರೂ ಬೇಕೆಂದು ಕೊಡುತ್ತಾರೆಯೇ? ಅದಕ್ಕಾಗಿ ಮತ್ತೊಮ್ಮೆ ತಮ್ಮ ಕಚೇರಿಗೆ ಬಂದೆವು. ತಾವು ಸಭೆಯಲ್ಲಿದ್ದಿರಿ. ತಮ್ಮ ನೌಕರರೊಬ್ಬರು ನಮ್ಮನ್ನು ಹಿಂದಿನ ಉಗ್ರಾಣದ ಕೋಣೆಗೆ ಕರೆದುಕೊಂಡು ಹೋದರು. ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಅವರನ್ನೂ ಯಾವುದಾದರೂ ಊರಿನ ಐನೂರನೇ ನಂಬರಿನ ಕುರ್ಚಿಗೆ ಕಳಿಸುತ್ತೀರಿ. ಮುರಿದ ಕುರ್ಚಿ, ಹಳೆಯ ಚುನಾವಣಾ ಪೆಟ್ಟಿಗೆ, ಹರಿದ ಶಾಮಿಯಾನ ಇವುಗಳ ನಡುವೆ ಒಂದು ಕಪ್ಪು ಯಂತ್ರ ಹಸಿರು ದೀಪ ಮಿಣುಕಿಸುತ್ತ ಕೂತಿತ್ತು. ಅದರ ಹಣೆಗೆ ಮೂರು ಬೆರಳ ವಿಭೂತಿ, ನಡುವೆ ಕುಂಕುಮ, ಮೇಲೆ ಒಣಗಿದ ಚೆಂಡುಹೂವು.

"ಆಯುಧ ಪೂಜಿಗೆ ಎಲ್ಲಾ ಮಷೀನಿಗೂ ಮಾಡಿದಂಗ ಇದಕ್ಕೂ ಮಾಡೀವ್ರಿ ಮೇಡಂ," ಎಂದರು ಅವರು. "ಗುಜರಿಗಿ ಹಾಕಾಕ ಫೈಲ್ ಹೋಗೈತಿ, ಇನ್ನಾ ಆರ್ಡರ್ ಬಂದಿಲ್ಲ. ಆರ್ಡರ್ ಇಲ್ದ ಆರಿಸಂಗಿಲ್ಲ. ಪೂಜಿ ಮಾಡಿದ್ದನ್ನ ಹೆಂಗ ಆರಿಸೋದು ಅಂತ ನಮಗೂ ಅಂಜಿಕಿ."

ಆಮೇಲೆ ಹೊಸ ಯಂತ್ರ ಬಂದ ದಿನದ ಕಥೆಯನ್ನೂ ಅವರು ಹೇಳಿದರು. ನಾನು ಒಂದಕ್ಷರ ಸೇರಿಸದೆ ಬರೆಯುತ್ತಿದ್ದೇನೆ: "ಅವತ್ತು ಸಾಹೇಬ್ರು ಹುಣಸಿ ಸವಾಲು ಮುಗಿಸ್ಕೊಂಡು ಬಂದಿದ್ರಿ. ಕಂಪನಿಯವ್ನು ಕೇಳಿದ, ಹಳೇದಕ್ಕ ಹತ್ತು ಐತ್ರಿ, ಉಪ ಸಾಹೇಬ್ರು ತಮ್ಮದಕ್ಕ ಐವತ್ತು ಹಾಕಿಸ್ಕೊಂಡಾರ, ನಿಮ್ಮದಕ್ಕ ಎಷ್ಟು ಹಾಕ್ಲಿ ಅಂತ. ಸಾಹೇಬ್ರು 'ನೂರು' ಅಂದ್ರು. ಅವ್ನು ಏನೋ ಹೇಳಾಕ ಬಾಯಿ ತಗದ್ನ್ರಿ. 'ನನ್ನ ಮಷೀನಿಗೆ ಆ ಹಳೇ ಡಬ್ಬಿಗಿಂತ ಕಮ್ಮಿ ನಂಬರ್ ಕೊಡ್ತೀಯೇನು' ಅಂತ ಗದರಿಸಿದ್ರು. ಅವ್ನು ನೂರು ಹಾಕಿ ಹೋಗಿಬಿಟ್ಟ."

ಹುಣಸೆ ಸವಾಲು! ಹೊರಗಿನವರಿಗೆ ಇದು ತಿಳಿಯಲಿಕ್ಕಿಲ್ಲ, ಅದಕ್ಕೆ ಹೇಳುತ್ತೇನೆ. ನಮ್ಮ ಕಡೆ ರಸ್ತೆ ಬದಿಯ, ಕೆರೆ ಏರಿಯ ಹುಣಸೆ ಮರಗಳ ಫಸಲನ್ನು ಕೂಗಿ ಸವಾಲು ಹಾಕಿ ಕೊಡುತ್ತಾರೆ. ಒಬ್ಬ ಒಂದು ಹೇಳಿದರೆ ಇನ್ನೊಬ್ಬ ಅದರ ಮೇಲೆ ಹೇಳಬೇಕು. ಯಾರ ಬಾಯಲ್ಲಿ ದೊಡ್ಡ ನಂಬರೋ ಅವರಿಗೆ ಮರ. ಮರ ಗೆದ್ದವನು ಹಣ್ಣಿಗಿಂತ ಮೊದಲು ಮೀಸೆ ಮುಟ್ಟಿಕೊಳ್ಳುತ್ತಾನೆ. ಇಡೀ ಬೆಳಿಗ್ಗೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಅದನ್ನೇ ಕೇಳಿ ಬಂದ ತಮಗೆ, ಸರ್ವರ್‌ನವನು ನಂಬರ್ ಕೇಳಿದ ಕೂಡಲೇ ಇನ್ನೊಂದು ಮರ ಕಂಡಿತು. ಉಪ ಅಧಿಕಾರಿಗಳು ಐವತ್ತು ಕೂಗಿದ್ದಾರೆ, ತಾವು ನೂರು ಕೂಗಿದಿರಿ. ಸವಾಲು ತಮ್ಮ ಹೆಸರಿಗೇ ನಿಂತಿತು. ಅಭಿನಂದನೆಗಳು. ಕೊರತೆ ಏನೆಂದರೆ, ಅದು ಮರವಲ್ಲ, ಪಾಳಿ. ನಲ್ಲಿಯ ಮುಂದೆ ಬಿಂದಿಗೆ ಇಟ್ಟ ಹಾಗೆ. ಅಲ್ಲಿ ಮೊದಲನೆಯದು ಮೊದಲು ತುಂಬುತ್ತದೆ, ನೂರನೆಯದರ ಪಾಳಿ ಬರುವ ಹೊತ್ತಿಗೆ ನೀರು ನಿಂತಿರುತ್ತದೆ. ತಮ್ಮ ಮನೆಯಲ್ಲಿ ನಲ್ಲಿಗೆ ಬಿಂದಿಗೆ ಹಿಡಿದು ನಿಂತವರು ಯಾರಾದರೂ ಇದ್ದರೆ ಒಂದು ಮಾತು ಕೇಳಬಹುದಿತ್ತು.

ಆ ಹತ್ತರ ಪೆಟ್ಟಿಗೆಯಲ್ಲಿ ಏನೇನಿದೆಯೋ! ಅರ್ಜಿ ಬರೆಯುವವರು ಊರೂರಲ್ಲಿ ಇದ್ದೇವೆ, ನಮಗೆ ಒಬ್ಬರಿಗೊಬ್ಬರಿಗೆ ಮಾತಿದೆ. ಹಡಗಲಿಯ ಮಲ್ಲಿಗೆಯವರು ಮೊಗ್ಗು ಅರಳುವ ಮೊದಲು ಪೇಟೆ ಸೇರಲು ನಸುಕಿನ ಬಸ್ಸು ಕೇಳಿದ್ದಾರೆ. ಕೋಗಳಿಯವರು ಹಳೆಯ ಬಸದಿಯ ಗೋಡೆಗೆ ಯಾರೋ ಎಮ್ಮೆ ಕಟ್ಟುತ್ತಿದ್ದಾರೆ ಎಂದು ಬರೆದಿದ್ದಾರೆ. ಉಚ್ಚಂಗಿದುರ್ಗದವರು ಬೆಟ್ಟದ ಮೆಟ್ಟಿಲಿಗೆ ದೀಪ ಬೇಕೆಂದು, ಹರಪನಹಳ್ಳಿಯವರು ಇರುವ ದೀಪ ಹಗಲಿಡೀ ಉರಿಯುತ್ತದೆ ಆರಿಸಿ ಎಂದು ಬರೆದಿದ್ದಾರೆ. ಎಲ್ಲರಿಗೂ ಯುಗಾದಿ ಶುಭಾಶಯ ಬಂದಿದೆ. ಕೊಟ್ಟೂರಿನ ನನ್ನ ಜೊತೆಯವಳೊಬ್ಬಳು, ಇಷ್ಟು ಬೇಗ ಉತ್ತರ ಕೊಡುವ ಕಚೇರಿ ತಾನು ಬೇರೆ ಕಂಡಿಲ್ಲ ಎಂದು ತಮ್ಮನ್ನು ಹೊಗಳುತ್ತಲೇ ಇದ್ದಳು. ಅವಳಿಗೆ ನಿಜ ಹೇಳಲು ನನಗೆ ಸಂಕಟವಾಯಿತು.

ಅವತ್ತು ಉಗ್ರಾಣದಲ್ಲಿ ಅಂಜಿನಕ್ಕ ಚಪ್ಪಲಿ ಹೊಸಿಲ ಹೊರಗೆ ಬಿಟ್ಟು ಬಂದಿದ್ದಳು. ವಿಭೂತಿ ಕಂಡದ್ದಕ್ಕೆ ಇರಬೇಕು. ಆ ಯಂತ್ರದ ಮುಂದೆ ನಿಂತು, "ನಮ್ಮ ಕಾಗದ ಇದರಾಗ ಐತೇನ್ರಿ?" ಎಂದು ಕೇಳಿದಳು.

"ಐತ್ರಿ ಅಕ್ಕಾರ," ಎಂದರು ನೌಕರರು.

"ಎಲ್ಲಾರ ಹೆಬ್ಬಟ್ಟೂ?"

"ಎಲ್ಲಾ ಐತಿ."

"ಇದಾರ ಇಟ್ಕೊಂಡೈತಲ್ಲ," ಎಂದು ಅವಳು ಕೈ ಮುಗಿದಳು.

ನನಗೆ ಸಿಟ್ಟು ಬಂತು. ಆ ಕಟ್ಟಡದಲ್ಲಿ ಇಷ್ಟು ಜನ ಸಂಬಳದವರಿರುವಾಗ, ಬಂದವರ ಮಾತನ್ನು ಬೇಡವೆನ್ನದೆ ಇಸಿದುಕೊಂಡಿರುವುದು ಗುಜರಿಗೆ ಹೋಗಬೇಕಾದ ಒಂದು ಪೆಟ್ಟಿಗೆ. ಅದಕ್ಕೆ ರಜೆ ಇಲ್ಲ, ಸಭೆ ಇಲ್ಲ, ಊಟದ ವೇಳೆ ಇಲ್ಲ. ನನ್ನನ್ನು ಕೇಳಿದರೆ ಆ ಪ್ರಶಂಸಾ ಪತ್ರವನ್ನು ಇಳಿಸಿ ಅದರ ಮೇಲೆ ತೂಗುಹಾಕಬೇಕು.

ತಾವು ಸಭೆಯಿಂದ ಬಂದ ಮೇಲೆ ನಿಂತುಕೊಂಡೇ ಎಲ್ಲವನ್ನೂ ವಿವರಿಸಿದೆ. ತಮ್ಮ ನೂರನ್ನು ಐದು ಮಾಡಿಸಿ, ಹತ್ತರ ಪೆಟ್ಟಿಗೆಯಲ್ಲಿರುವುದನ್ನು ತೆಗೆದು ಓದಿಸಿ, ಗೇಟಿನ ವಿಚಾರ ಮತ್ತೆ ನೋಡಿ ಎಂದೆ. ತಾವು "ಐದು?" ಎಂದಿರಿ. ಆ ಒಂದು ಪದದಲ್ಲಿ ಎಷ್ಟು ನೋವಿತ್ತು! ತಮ್ಮ ಕಾರಿನ ಕೆಂಪು ದೀಪ ಕಿತ್ತುಕೊಂಡು ಸೈಕಲ್ ಕೊಟ್ಟವರಂತೆ ನನ್ನನ್ನು ನೋಡಿದಿರಿ. ಆಮೇಲೆ ಸಾವರಿಸಿಕೊಂಡು, ಇಂಥ ತಾಂತ್ರಿಕ ಬದಲಾವಣೆಗೆ ಲಿಖಿತ ಕೋರಿಕೆ ಬೇಕು, ಅದನ್ನು ನಿಗದಿತ ವಿಳಾಸಕ್ಕೆ ಇ-ಮೇಲ್ ಮಾಡಿ, ಬಂದ ಮೇಲೆ ಪರಿಶೀಲಿಸುತ್ತೇವೆ ಎಂದಿರಿ. ನಾನು ತಮ್ಮ ಮುಖ ನೋಡಿದೆ, ತಮಾಷೆ ಮಾಡುತ್ತಿದ್ದೀರೇನೋ ಎಂದು. ತಾವು ತಮಾಷೆ ಮಾಡುತ್ತಿರಲಿಲ್ಲ. ಅಲ್ಲೇ ನಿಂತು ಮೊಬೈಲಿನಿಂದಲೇ ಆ ಕೋರಿಕೆ ಕಳಿಸಿದೆ. ಉತ್ತರ ತಮ್ಮ ಮುಂದೆಯೇ ಬಂತು. ಯುಗಾದಿ ಶುಭಾಶಯ.

ಇಲ್ಲಿಯವರೆಗೆ ನಕ್ಕು ಬರೆದೆ. ಇನ್ನು ಮುಂದಿನದಕ್ಕೆ ನನಗೆ ನಗು ಬರುವುದಿಲ್ಲ.

ದಾರಿ ಮುಚ್ಚಿದ ಮೇಲೆ ಅಂಜಿನಕ್ಕನ ಹಿಂಡು ಹೊಂಡಕ್ಕೆ ಹೋಗಬೇಕೆಂದರೆ ದೊಡ್ಡ ರಸ್ತೆಯ ಮೇಲೆ ಸುತ್ತು ಹಾಕಬೇಕು. ಕುರಿಗಳಿಗೆ ತಮ್ಮ ಆದೇಶ ಓದಲು ಬರುವುದಿಲ್ಲ. ಬೆಳಿಗ್ಗೆ ಹಟ್ಟಿಯಿಂದ ಬಿಟ್ಟ ಕೂಡಲೇ ಸಾವ್ಕಾರ ನೇರ ಬೇಲಿಯ ಹತ್ತಿರ ಹೋಗಿ ನಿಲ್ಲುತ್ತಿತ್ತಂತೆ. ಹಿಂದೆ ಇಡೀ ಹಿಂಡು. ತಂತಿಗೆ ಮೂತಿ ಹಚ್ಚಿ ಹೊಂಡದ ಕಡೆ ನೋಡುತ್ತ ನಿಂತರೆ, ಎಳೆದರೂ ಬರುತ್ತಿರಲಿಲ್ಲವಂತೆ. ಅದನ್ನು ಬಯ್ದು, ಬೇಡಿ, ಕೊರಳು ಹಿಡಿದು ರಸ್ತೆಗೆ ತಿರುಗಿಸುವುದು ಅವಳ ದಿನದ ಮೊದಲ ಕೆಲಸವಾಗಿತ್ತು. ಹೋದ ವಾರ ರಸ್ತೆ ದಾಟಿಸುವಾಗ, ಅರ್ಧ ಹಿಂಡು ಆಚೆ, ಅರ್ಧ ಈಚೆ. ಮುಂದೆ ದಾಟಿದ್ದ ಸಾವ್ಕಾರ, ಹಿಂದಿನವು ಬರಲಿಲ್ಲವೆಂದು ನಡುರಸ್ತೆಗೆ ತಿರುಗಿ ಬಂದು ನಿಂತಿತು. ಅದಿರಿನ ಲಾರಿ. ಲಾರಿಯವನು ಪಾಪ ಬ್ರೇಕ್ ಹಾಕಿದ್ದಾನೆ, ಅವನದೇನೂ ತಪ್ಪಿಲ್ಲ ಎಂದು ಅಂಜಿನಕ್ಕನೇ ಹೇಳುತ್ತಾಳೆ. ಇವಳೂ ಬಿದ್ದು ಮೊಣಕೈ ತರಚಿಕೊಂಡಿದ್ದಾಳೆ.

ಮರುದಿನ ಅವಳು ನನ್ನ ಮೇಜಿಗೆ ಬಂದಳು. ಈ ಸಲ ಕೂರಲಿಲ್ಲ. ಸಂಚಿಯಿಂದ ಆ ಹಿತ್ತಾಳೆ ಗಂಟೆ ತೆಗೆದು ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟಳು. ಒಂದು ಕಡೆ ನೆಗ್ಗಿತ್ತು.

"ಇದನ್ನ ಮೇಲ್‌ನಾಗ ಹೆಂಗ ಕಳಿಸ್ತೀರಿ ಸುಮಂಗಲಮ್ಮ?" ಎಂದಳು.

ಪದ ಮಾರಿ ಬದುಕುವವಳು ನಾನು. ನೀರು ಕುಡಿದು ಹೋಗು ಎಂದೆ, ಅಷ್ಟೆ. ಅವಳು ಕುಡಿಯಲಿಲ್ಲ. "ಮುಂದ ನಡಿಯೋದು ಇಲ್ದ ಕುರಿ ಹಟ್ಟಿ ಬಿಟ್ಟು ಏಳವಲ್ವು," ಎಂದು ಹೇಳಿ ಬಸ್ಸಿನ ಕಡೆ ನಡೆದಳು.

ಆದ್ದರಿಂದ, ಮಾನ್ಯರೇ, ಇಷ್ಟು ವರ್ಷ ಬೇರೆಯವರ ಹೆಸರಿನಲ್ಲಿ ಕೇಳಿದ್ದನ್ನು ಇವತ್ತು ನನ್ನ ಹೆಸರಿನಲ್ಲಿ ಕೇಳುತ್ತಿದ್ದೇನೆ. ಪ್ರಾರ್ಥನೆಯಲ್ಲ, ಬೇಡಿಕೆ. ತಮ್ಮ ಪೆಟ್ಟಿಗೆಯ ನಂಬರನ್ನು ಹತ್ತಕ್ಕಿಂತ ಕೆಳಗಿಳಿಸಿ. ಚಿಕ್ಕ ನಂಬರಿನಿಂದ ಕುರ್ಚಿ ಕುಗ್ಗುವುದಿಲ್ಲ ಎಂದು ಲಿಖಿತ ಭರವಸೆ ಬೇಕಿದ್ದರೆ ನಾನೇ ಬರೆದುಕೊಡುತ್ತೇನೆ, ಶುಲ್ಕವಿಲ್ಲದೆ. ಉಗ್ರಾಣದ ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಅದರ ಹೊಟ್ಟೆಯಲ್ಲಿರುವ ಒಂದೊಂದು ಪತ್ರವನ್ನೂ ತೆಗೆದು ಓದಿ. ಆಕ್ಷೇಪಣೆ ಬಂದಿಲ್ಲ ಎಂದು ಬರೆದ ಆ ಆದೇಶವನ್ನು ಹಿಂಪಡೆದು, ಬಂದಿತ್ತು, ನಾವು ನೋಡಲಿಲ್ಲ ಎಂದು ಬರೆಯಿರಿ. ಇದೇ ಸರಿಯಾದ ವಾಕ್ಯ, ಕನ್ನಡದಲ್ಲಿ ಇದಕ್ಕೆ ಬೇಕಾದ ಎಲ್ಲ ಪದಗಳೂ ಇವೆ. ಮತ್ತು ಬೇಲಿಯ ಪಶ್ಚಿಮದ ಬದಿಗೆ, ಒಂದು ಹಿಂಡು ಕುರಿ ದಾಟುವಷ್ಟು ಅಗಲದ ಗೇಟು ಬಿಡಿಸಿ. ಸಿಮೆಂಟಿನ ಕುರಿಗಳಿಗೆ ಅದರಿಂದ ಯಾವ ತೊಂದರೆಯೂ ಆಗುವುದಿಲ್ಲ.

ಇದನ್ನೆಲ್ಲ ಬಹಿರಂಗ ಪತ್ರ ಮಾಡಿ ಪತ್ರಿಕೆಗೆ ಯಾಕೆ ಕೊಟ್ಟಳು, ನಮ್ಮನ್ನೇ ಕೇಳಬಹುದಿತ್ತಲ್ಲ ಎಂದು ತಾವು ಯಾರಲ್ಲಾದರೂ ಹೇಳುವ ಮೊದಲು ಒಂದು ಮಾತು. ಈ ಪತ್ರವನ್ನು ತಮ್ಮ ಇ-ಮೇಲ್ ವಿಳಾಸಕ್ಕೂ ಕಳಿಸಿದ್ದೇನೆ. ಶುಭಾಶಯ ಬಂದಿದೆ, ತಮಗೂ ಅದೇ.

ಬರುವ ಸೋಮವಾರ ತಮ್ಮ ಕಚೇರಿ ತೆರೆಯುವ ಹೊತ್ತಿಗೆ ನಾನೂ ಅಂಜಿನಕ್ಕನೂ ಬಾಗಿಲಲ್ಲಿ ಇರುತ್ತೇವೆ. ಪಾಳಿಯಲ್ಲಿ ನಾವೇ ಮೊದಲು.

ಇಂತಿ,
ತಮ್ಮ ಲೆಕ್ಕದಲ್ಲಿ ಯಾವ ಆಕ್ಷೇಪಣೆಯೂ ಇಲ್ಲದ,
ಸುಮಂಗಲಾ
ಅರ್ಜಿ ಬರೆಯುವವಳು, ಕೂಡ್ಲಿಗಿ

ಲಗತ್ತು: ಹಿತ್ತಾಳೆ ಗಂಟೆ, ಒಂದು, ನೆಗ್ಗಿದ್ದು. ಇದು ಮೇಲ್‌ನಲ್ಲಿ ಹೋಗುವುದಿಲ್ಲವಾದ್ದರಿಂದ ಕೈಯಲ್ಲೇ ತರುತ್ತೇವೆ.